ಹನ್ನೆರಡು ಥರ ಹಾಕುವ ತಲೆಬಟ್ಟೆ: ಎರಡು ತಿಂಗಳು ಹಾಕಿ, ಒಗೆದು, ತಿರುವಿ ನೋಡಿದ್ದು

ಪಾಕೀಟಿನ ಹಿಂಬದಿಗೆ ಒಬ್ಬಳೇ ಹುಡುಗಿಯ ಹನ್ನೆರಡು ಫೋಟೊ ಇದ್ದವು. ಒಂದರಲ್ಲಿ ಬಟ್ಟೆ ಕೊರಳಿಗೆ, ಒಂದರಲ್ಲಿ ಹಣೆಗೆ, ಒಂದರಲ್ಲಿ ಟೋಪಿ, ಇನ್ನೊಂದರಲ್ಲಿ ಕಡಲುಗಳ್ಳರ ಹಾಗೆ ಹಿಂದಕ್ಕೆ ಗಂಟು. ಹನ್ನೆರಡನೆಯದರಲ್ಲಿ ಕಣ್ಣೆರಡು ಬಿಟ್ಟು ಮುಖವೆಲ್ಲ ಮುಚ್ಚಿತ್ತು. ಆ ವೇಷದಲ್ಲಿ ನಮ್ಮ ಓಣಿಯ ಸೊಸೈಟಿಗೆ ಪಿಗ್ಮಿ ಕಟ್ಟಲು ಹೋದರೆ ವಾಚ್‌ಮನ್ ಒಳಗೆ ಬಿಡುವುದಿಲ್ಲ. ವೇಷ ಹನ್ನೆರಡಾದರೂ ಬಟ್ಟೆ ಒಂದೇ. ಎರಡೂ ಕಡೆ ಬಾಯಿ ತೆರೆದ, ಹಿಗ್ಗುವ ಒಂದು ಕೊಳವೆ. ದಿಂಬಿನ ಗವಸಿನ ತಳ ಬಿಚ್ಚಿದರೆ ಹೇಗೋ ಹಾಗೆ. ಏಪ್ರಿಲ್ ಕೊನೆಗೆ ಆನ್‌ಲೈನ್‌ನಲ್ಲಿ 349 ರೂಪಾಯಿ ಕೊಟ್ಟು ತರಿಸಿದೆ. ಕಂಪನಿಯ ಹೆಸರು ಬೇಡ, ಇಂಥವು ಹತ್ತಾರು ಹೆಸರಿನಲ್ಲಿ ಬರುತ್ತವೆ, ಬಟ್ಟೆ ಹೆಚ್ಚುಕಡಿಮೆ ಒಂದೇ.

ನಾನು ಧಾರವಾಡದಲ್ಲಿ ಹೊಲಿಗೆ ಅಂಗಡಿ ಇಟ್ಟು 19 ವರ್ಷವಾಯಿತು. ಬ್ಲೌಸು, ಚೂಡಿ, ಫಾಲು, ಪಿಕೊ. ಯಾರ ಮೈಮೇಲಿನ ಬಟ್ಟೆ ನೋಡಿದರೂ ಒಳಹೊಲಿಗೆ ಹೇಗಿದ್ದೀತು ಅಂತ ಯೋಚಿಸುವ ಚಟ ಅಂಟಿಕೊಂಡಿದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವಳ ಕಂಕುಳ ಹೊಲಿಗೆ ನೋಡಿ ಬೈಸಿಕೊಂಡದ್ದೂ ಇದೆ. ಹಾಗಾಗಿ ಈ ಕೊಳವೆ ಬಂದ ದಿನ ತಲೆಗೆ ಹಾಕುವ ಮೊದಲೇ ತಿರುವಿ ಟೇಪು ಹಿಡಿದೆ. ಉದ್ದ 19 ಇಂಚು ಚಿಲ್ಲರೆ, ಹಾಸಿ ಇಟ್ಟರೆ ಅಗಲ ಒಂಬತ್ತೂವರೆ. ಅಂದರೆ ಸುತ್ತಳತೆ 19. ನನ್ನ ತಲೆ 22. ಮೂರು ಇಂಚನ್ನು ಬಟ್ಟೆ ತಾನೇ ಹಿಗ್ಗಿ ತುಂಬಿಕೊಳ್ಳಬೇಕು, ಆ ಬಿಗಿಯಲ್ಲೇ ಅದು ತಲೆ ಮೇಲೆ ನಿಲ್ಲುವುದು. ಗುಂಡಿ ಇಲ್ಲ, ಲಾಡಿ ಇಲ್ಲ, ಎಲಾಸ್ಟಿಕ್ ಇಲ್ಲ. ಮುಖ್ಯ ಅಂದರೆ ಪಕ್ಕದಲ್ಲಿ ಹೊಲಿಗೆಯೇ ಇಲ್ಲ. ಬನಿಯನ್ ಬಟ್ಟೆಯನ್ನು ದುಂಡು ಯಂತ್ರದಲ್ಲಿ ಹೆಣೆಯುತ್ತಾರಲ್ಲ, ತಿರುಪ್ಪೂರಿನ ಕಡೆ ಆ ಯಂತ್ರದಿಂದ ಬಟ್ಟೆ ಕೊಳವೆಯಾಗಿಯೇ ಕೆಳಗಿಳಿಯುತ್ತದೆ. ಇದೂ ಹಾಗೆಯೇ, ಕೊಳವೆ ಚಿಕ್ಕದು ಅಷ್ಟೆ. ಇಂಥ ಕೆಲಸ ಮಾಡಿದವರ ಮೇಲೆ ನನಗೆ ಹೊಟ್ಟೆಕಿಚ್ಚು. ನಾವು ಹೊಲಿಗೆ ಹಾಕಿ ದುಡಿಯುವವರು, ಅವರು ಹೊಲಿಗೆ ಬಿಟ್ಟು ದುಡಿಯುತ್ತಾರೆ.

ಕೊಂಡ ಕಾರಣ ಹೆಲ್ಮೆಟ್ಟು. ಅಪ್ಪ ಗರಗದಲ್ಲಿದ್ದಾನೆ, ನಾನು ವಾರಕ್ಕೊಮ್ಮೆ ಸ್ಕೂಟಿ ಮೇಲೆ ಹೋಗಿಬರುತ್ತೇನೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹೆಲ್ಮೆಟ್ಟಿನ ಒಳಗಿನ ಸ್ಪಂಜು ಬೆವರು ಕುಡಿದು ಹುಳಿ ಹಿಟ್ಟಿನ ವಾಸನೆ ಬರುತ್ತಿತ್ತು. ಅದಕ್ಕಂತ ವೇಲನ್ನೇ ತಲೆಗೆ ಸುತ್ತಿ ಮೇಲೆ ಹೆಲ್ಮೆಟ್ ಹಾಕುತ್ತಿದ್ದೆ. ಒಂದು ದಿನ ನರೇಂದ್ರದ ಹತ್ತಿರ ವೇಲಿನ ಚುಂಗು ಬಿಚ್ಚಿ ಹಿಂದೆ ಹಾರುತ್ತಾ ಚಕ್ರದ ಕಡೆ ಹೋಗಿದ್ದನ್ನು ಪಕ್ಕದ ಬೈಕಿನವ ಕೂಗಿ ಹೇಳಿದ. ಆವತ್ತು ರಾತ್ರಿಯೇ ಆರ್ಡರ್ ಮಾಡಿದೆ.

ಈ ಒಂದು ಕೆಲಸಕ್ಕೆ ಮಾತ್ರ ನಾನು ಕಣ್ಣುಮುಚ್ಚಿ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಹಾಕುವ ರೀತಿ ಇಷ್ಟೇ: ಕೊಳವೆಯನ್ನು ತಲೆಯ ಮೇಲಿಂದ ಕೊರಳಿಗೆ ಇಳಿಸಬೇಕು, ಆಮೇಲೆ ಮುಂದಿನ ಅಂಚನ್ನು ಮುಖದ ಮೇಲಿಂದ ಎಳೆದು ಹಣೆಯ ಕೂದಲಿನ ಗೆರೆಗೆ ತಂದು ಬಿಡಬೇಕು. ನೆತ್ತಿಯ ಹತ್ತಿರ ಬಾಯಿ ಬಿಟ್ಟುಕೊಂಡಿರುತ್ತದೆ, ಹೆಲ್ಮೆಟ್ ಕೂತ ಮೇಲೆ ಅದೂ ಮುಚ್ಚುತ್ತದೆ. ಒಂದೇ ಪದರ, ಅದೂ ತೆಳು. ಹೆಲ್ಮೆಟ್ಟಿನ ಬಿಗಿ ಬದಲಾಗುವುದಿಲ್ಲ. ಇದು ಸಣ್ಣ ಮಾತಲ್ಲ. ಐಎಸ್‌ಐ ಗುರುತಿನ ಹೆಲ್ಮೆಟ್ ತಲೆಗೆ ಸರಿಯಾಗಿ ಕೂತರೆ ತಾನೆ ಕಾಯುವುದು? ಒಳಗೆ ವೇಲಿನ ನಾಲ್ಕು ಸುತ್ತು ಇಟ್ಟುಕೊಂಡರೆ ಅದು ಬುಟ್ಟಿ ಬೋರಲು ಹಾಕಿದ ಹಾಗೆ ಅಲುಗಾಡುತ್ತದೆ. ಗರಗ ಮುಟ್ಟಿ ಹೆಲ್ಮೆಟ್ ತೆಗೆದಾಗ ಸ್ಪಂಜು ಒಣಗಿತ್ತು, ಬೆವರೆಲ್ಲ ಕೊಳವೆಯಲ್ಲಿತ್ತು. ಕೊಳವೆಯನ್ನು ಬೋರಿನ ನೀರಿಗೆ ಹಿಡಿದು ಹಿಂಡಿ ತಂತಿಗೆ ಹಾಕಿದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಣಗಿತು.

ಒಣಗುವುದಕ್ಕೂ ಕಾರಣವಿದೆ. ಇದು ಪಾಲಿಯೆಸ್ಟರ್. ಹೊಲಿಗೆ ಡಿಪ್ಲೊಮಾ ಕಲಿಯುವಾಗ ನಮಗೆ ಬಾಯಿಪಾಠ ಮಾಡಿಸಿದ್ದರು: ಹತ್ತಿ ತನ್ನ ತೂಕದ ಶೇ 8ರಷ್ಟು ತೇವವನ್ನು ಬರಿ ಗಾಳಿಯಿಂದಲೇ ಹೀರಿ ಒಳಗಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ ಅರ್ಧದಷ್ಟೂ ಇಲ್ಲ. ನೀರು ಎಳೆಯ ಒಳಗೆ ಹೋಗದೆ ಎಳೆಗಳ ಸಂದಿಯಲ್ಲೇ ಹರಡುತ್ತದೆ, ಬೇಗ ಹಾರಿಹೋಗುತ್ತದೆ. ಒಳ್ಳೆಯದೇ. ಆದರೆ ಬೆವರಿನ ಜಿಡ್ಡು ಹಾರುವುದಿಲ್ಲವಲ್ಲ, ಅದು ಪಾಲಿಯೆಸ್ಟರಿಗೆ ಗಟ್ಟಿಯಾಗಿ ಅಂಟುತ್ತದೆ. ಎರಡು ದಿನ ಒಗೆಯದೆ ಬಿಟ್ಟರೆ ಮೂರನೆಯ ದಿನ ಮೂಗಿನ ಹತ್ತಿರ ತರಲಾಗುವುದಿಲ್ಲ. ಮೇ ತಿಂಗಳಲ್ಲಿ ನಾನು ದಿನಾ ರಾತ್ರಿ ಸೋಪು ಹಚ್ಚಿ ಜಾಲಿಸಿ ಹಾಕುತ್ತಿದ್ದೆ. ಸೋಮಾರಿಗಳಿಗೆ ಈ ವಸ್ತು ಅಲ್ಲ.

ಇನ್ನು ಟೋಪಿ. ಪಾಕೀಟಿನಲ್ಲಿ ಎಲ್ಲಕ್ಕಿಂತ ಚಂದ ಕಾಣುವ ಚಿತ್ರ ಇದೇ. ಕೊಳವೆಯ ಅರ್ಧವನ್ನು ತಲೆಗೆ ಏರಿಸಿ, ನೆತ್ತಿಯ ಮೇಲೆ ಉಳಿದ ಅರ್ಧವನ್ನು ಬಟ್ಟೆ ಹಿಂಡಿದ ಹಾಗೆ ಒಂದು ಸುತ್ತು ತಿರುಚಿ, ಅದನ್ನು ವಾಪಸ್ಸು ತಲೆಯ ಮೇಲೇ ಮಗುಚಬೇಕು. ಎರಡು ಪದರದ ಟೋಪಿ ತಯಾರು. ಮೊದಲ ಸಲ ಕನ್ನಡಿ ಮುಂದೆ ಮಾಡಿದಾಗ ನನಗೇ ನಗು ಬಂತು, ಇಷ್ಟು ಸುಲಭದ ಉಪಾಯ ನಮಗೆ ಹೊಳೆಯಲಿಲ್ಲವಲ್ಲ ಅಂತ. ಆಮೇಲೆ ಎರಡು ತಕರಾರು ಎದ್ದವು.

ಮೊದಲನೆಯದು ಆ ತಿರುಚು. ಟೋಪಿಯಾಗಿ ಬಯಲಿನಲ್ಲಿ ಅಡ್ಡಾಡಿದರೆ ಏನೂ ಇಲ್ಲ. ಹೆಲ್ಮೆಟ್ ಹಾಕಿದಿರೋ, ನೆತ್ತಿಯ ನಡುವೆ ಅದು ಕಡಲೆಕಾಳಿನ ಹಾಗೆ ಒತ್ತುತ್ತದೆ. ಜ್ಯುಬಿಲಿ ಸರ್ಕಲ್ ದಾಟುವವರೆಗೂ ಗೊತ್ತಾಗಲಿಲ್ಲ, ಊರು ಬಿಟ್ಟ ಮೇಲೆ ತಲೆನೋವು ಶುರುವಾಗಿ ಗಾಡಿ ನಿಲ್ಲಿಸಿ ಬಿಚ್ಚಿದೆ. ಪಾಕೀಟಿನ ಮೇಲೆ 'ಹೆಲ್ಮೆಟ್ ಒಳಗೆ' ಅಂತ ಹಾಕಿರುವ ಚಿತ್ರದಲ್ಲಿ ಇರುವುದು ಇದೇ ಟೋಪಿ ರೂಪ. ಫೋಟೊ ತೆಗೆಸಿಕೊಂಡ ಹುಡುಗಿ ಆ ಹೆಲ್ಮೆಟ್ಟಿನಲ್ಲಿ ಒಂದು ಮೈಲಿಯೂ ಹೋಗಿಲ್ಲ, ಬರೆದು ಕೊಡುತ್ತೇನೆ.

ಎರಡನೆಯದು ಬಣ್ಣ. ಬಿಳಿ ಬಟ್ಟೆಯ ಒಂದೇ ಮೈಗೆ ಕಾವು ಕೊಟ್ಟು ಚಿತ್ತಾರ ಒತ್ತಿದ್ದಾರೆ, ಒಳಮೈ ಬಿಳಿಯಾಗಿಯೇ ಉಳಿದಿದೆ. ಕೊರಳಿಗೆ ಹಾಕಿದಾಗ ನೀಲಿ ಹೂಬಳ್ಳಿ. ಮಗುಚಿ ಟೋಪಿ ಮಾಡಿದ ಕೂಡಲೇ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದವರ ಹಾಗೆ ಬೆಳ್ಳಗೆ. ಹನ್ನೆರಡು ಥರ ಮಗುಚಿ ಹಾಕಲು ಅಂತಲೇ ಮಾಡಿದ ವಸ್ತುವಿಗೆ ಒಳಮೈ ಹೊರಮೈ ಎಂಬ ಭೇದ ಇರಬಾರದು. ಇದು ವಿನ್ಯಾಸ ಮಾಡಿದವರು ತಾವು ಹಾಕಿ ನೋಡದೆ ಬಿಟ್ಟ ತಪ್ಪು. ಹಿಗ್ಗಿಸಿದಾಗಲೂ ಅಷ್ಟೆ, ಎಳೆಗಳ ನಡುವಿನಿಂದ ಬಿಳಿ ಇಣುಕುತ್ತದೆ.

ಮೂರನೆಯ ತಕರಾರು ನನ್ನದಲ್ಲ, ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವ ಹುಡುಗಿಯೊಬ್ಬಳದು. ಬ್ಲೌಸ್ ಅಳತೆ ಕೊಡಲು ಬಂದವಳು ಕೊಳವೆಯನ್ನು ಕೈಗೆತ್ತಿಕೊಂಡು, ತಲೆಗೆ ಏರಿಸಿ, ಕನ್ನಡಿ ನೋಡಿ ಕೇಳಿದಳು: “ಅಕ್ಕಾರ, ಎಲ್ಲಾ ಖರೆ, ಜಡಿ ಎಲ್ಲಿ ಇಡೂದ್ರಿ?”

ನನ್ನ ಕೂದಲು ಗಿಡ್ಡ, ಈ ವಿಚಾರ ನನಗೆ ಬಂದೇ ಇರಲಿಲ್ಲ. ಅವಳ ಜಡೆ ಸೊಂಟ ಮುಟ್ಟುತ್ತದೆ. ಟೋಪಿ ಮಾಡಿದರೆ ಜಡೆ ಒಳಗೆ ಸಿಕ್ಕಿ ತಲೆಯ ಹಿಂದೆ ಗಡ್ಡೆ ಕಟ್ಟುತ್ತದೆ. ಕೊರಳಿಂದ ಹಣೆಗೆ ಎಳೆದರೆ ಕುತ್ತಿಗೆಯ ಹತ್ತಿರ ಬಟ್ಟೆಯೊಳಗೆ ಮಡಚಿಕೊಂಡು ಚುಚ್ಚುತ್ತದೆ. ಮುಡಿಯಲ್ಲಿ ಮಾಲೆ ಇದ್ದರಂತೂ ಮುಗಿಯಿತು, ಅಬ್ಬಲಿಗೆ ಚಟ್ನಿಯಾಗುತ್ತದೆ. ಪಾಕೀಟಿನ ಹುಡುಗಿಗೆ ಕಿವಿಯ ತನಕ ಕೂದಲು. ಪಾಕೀಟಿನ ಮೇಲೆ 'ಎಲ್ಲರಿಗೂ ಒಂದೇ ಅಳತೆ' ಅಂತ ಬರೆದವರು ಧಾರವಾಡದ ಜಡೆಗಳನ್ನು ಅಳೆದಿರಲಿಲ್ಲ.

ಮುಖಕ್ಕೆ ಎಳೆದುಕೊಳ್ಳುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಬ್ಬಳ್ಳಿ ರಸ್ತೆಯ ಧೂಳಿಗೆ ಪರವಾಗಿಲ್ಲ. ಆದರೆ ಮೂಗಿನ ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ, ಮಾತಾಡಿದರೆ ದವಡೆ ಅಲುಗಿ ಜಾರುತ್ತದೆ. ಕನ್ನಡಕದವರಿಗಂತೂ ಬೇಡವೇ ಬೇಡ. ಬಾಯಿಂದ ಬಂದ ಬಿಸಿ ಉಸಿರು ಮೇಲೆ ಏರಿ ಗಾಜಿಗೆ ಬಡಿದು ಮಂಜು ಕಟ್ಟುತ್ತದೆ. 2020ರಲ್ಲಿ ರಾಶಿಗಟ್ಟಲೆ ಮಾಸ್ಕ್ ಹೊಲಿದವಳು ನಾನು, ಮೂಗಿನ ಹತ್ತಿರ ಒಂದು ಸಣ್ಣ ತಂತಿ ಇಡದಿದ್ದರೆ ಏನಾಗುತ್ತದೆ ಅಂತ ಆಗಲೇ ಪಾಠ ಆಗಿದೆ. ಕಣ್ಣು ಮಾತ್ರ ಬಿಡುವ ಆ ಹನ್ನೆರಡನೆಯ ವೇಷವನ್ನು ಮೇ ತಿಂಗಳಲ್ಲಿ ಒಂದು ಸಲ, ಒಂದೇ ಸಲ, ಹಾಕಿದೆ. ಅದು ಹಿಮ ಬೀಳುವ ಊರಿನವರಿಗೆ. ಮಣಿಕಟ್ಟಿಗೆ ಸುತ್ತುವುದು, ಜುಟ್ಟಿಗೆ ಕಟ್ಟುವುದು ಇವನ್ನೆಲ್ಲ ಲೆಕ್ಕ ತುಂಬಿಸಲು ಸೇರಿಸಿದ್ದಾರೆ. ಜುಟ್ಟಿಗೆ ಎರಡು ರೂಪಾಯಿಯ ರಬ್ಬರ್ ಬ್ಯಾಂಡ್ ಸಾಕು.

ಹಣೆಪಟ್ಟಿ ಮಾತ್ರ ಒಳ್ಳೆಯದು. ನಾಲ್ಕು ಮಡಿಕೆ ಮಾಡಿ ಹಣೆಗೆ ಹಾಕಿ ಮಷಿನ್ ಮೇಲೆ ಕೂತರೆ ಬೆವರು ಬಟ್ಟೆ ಮೇಲೆ ಬೀಳುವುದಿಲ್ಲ. ರೇಷ್ಮೆ ಬ್ಲೌಸಿನ ಮೇಲೆ ಒಂದು ಹನಿ ಬೆವರು ಬಿದ್ದರೆ ಕಲೆ ಹೋಗುವುದಿಲ್ಲ, ಗಿರಾಕಿಯೂ ವಾಪಸ್ಸು ಬರುವುದಿಲ್ಲ.

'ಬಿಸಿಲಿನ ಕಿರಣ ತಡೆಯುತ್ತದೆ' ಅಂತಲೂ ಪಾಕೀಟಿನ ಮೇಲಿದೆ, ಪಕ್ಕದಲ್ಲಿ 50 ಎಂಬ ಅಂಕಿ, ಐವತ್ತರಲ್ಲಿ ಒಂದು ಪಾಲು ಕಿರಣ ಮಾತ್ರ ಒಳಗೆ ಬಿಡುತ್ತದೆ ಅಂತ ಅದರ ಅರ್ಥ. ಸುಮ್ಮನೆ ಹಾಸಿಟ್ಟಾಗ ಇರಬಹುದು. ಹೆಣೆದ ಬಟ್ಟೆ ಹಿಗ್ಗಿದಷ್ಟೂ ಕಣ್ಣು ಅಗಲವಾಗುತ್ತದೆ, ತಡೆಯುವ ಶಕ್ತಿ ಇಳಿಯುತ್ತದೆ. ನಂಬಿಕೆ ಬರದಿದ್ದರೆ ಕಿಟಕಿಯ ಬೆಳಕಿಗೆ ಹಿಡಿದು ಎಳೆದು ನೋಡ್ರಿ. ನಾನು ನೋಡಿದೆ, ಎದುರಿನ ಮನೆಯ ನಲ್ಲಿ ಕಂಡಿತು. ನನ್ನ 22 ಇಂಚಿನ ತಲೆಗೇ ಅದು ಅಷ್ಟು ಎಳೆದು ಕೂರುತ್ತದೆ, 24ರ ತಲೆಯವರ ಗತಿ ಏನು?

ಈ ಕೊಳವೆಯ ಮೂಲ ಎಲ್ಲಿಯದು ಅಂತ ಹುಡುಕಿದೆ. ಸ್ಪೇನಿನ ಕತಲೂನ್ಯಾ ಪ್ರಾಂತ್ಯದಲ್ಲಿ ಇಗುವಲಾದ ಅಂತ ಒಂದು ಊರು, ಜವಳಿಗೆ ಹೆಸರಾದದ್ದು. ಅಲ್ಲಿಯ ಜುವಾನ್ ರೋಹಾಸ್ ಎಂಬವರು ಬಟ್ಟೆ ಉದ್ಯಮದ ಮನೆತನದವರು, ಬೈಕ್ ಓಡಿಸುವ ಹುಚ್ಚಿನವರು. ಗಾಳಿಗೆ ಕುತ್ತಿಗೆ, ತಲೆ ಕಾಯ್ದುಕೊಳ್ಳಲು 1990ರ ದಶಕದ ಆರಂಭದಲ್ಲಿ ಹೊಲಿಗೆಯಿಲ್ಲದ ಕೊಳವೆ ಮಾಡಿ 'ಬಫ್' ಅಂತ ಹೆಸರಿಟ್ಟರು. ಅಮೆರಿಕದ ಟಿವಿಯಲ್ಲಿ 2000ದಲ್ಲಿ ಶುರುವಾದ 'ಸರ್ವೈವರ್' ಸ್ಪರ್ಧೆಯವರಿಗೆಲ್ಲ ತಂಡಕ್ಕೊಂದು ಬಣ್ಣದಂತೆ ಅದನ್ನೇ ಕೊಟ್ಟರು, ಒಬ್ಬೊಬ್ಬರೂ ತಮಗೆ ತೋಚಿದಂತೆ ತಲೆಗೋ ಕೊರಳಿಗೋ ಹಾಕಿಕೊಂಡರು. ನಾನು ಕೊಂಡಿದ್ದು ಬಫ್ ಅಲ್ಲ, ಅದನ್ನು ನೋಡಿ ಮಾಡಿದ್ದು. ಬೈಕಿನವನ ತಲೆಯಲ್ಲಿ ಹುಟ್ಟಿದ ಬಟ್ಟೆ ನನ್ನ ಸ್ಕೂಟಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವೇನಿಲ್ಲ, ಮಿಕ್ಕ ಹನ್ನೊಂದು ಆಮೇಲೆ ಬಂದು ಕೂಡಿಕೊಂಡ ನೆಂಟರು ಅನ್ನಿಸುತ್ತದೆ.

ಅಪ್ಪನಿಗೆ ತೋರಿಸಿದಾಗ ಕೊಳವೆಯೊಳಗೆ ಕೈ ಹಾಕಿ ಆ ಕಡೆಯಿಂದ ಹೊರಗೆ ತೆಗೆದ.

“ಏನವಾ ಇದು, ಎರಡೂ ಕಡೆ ಹರದೈತಲ್ಲ?”

“ಹರದಿಲ್ಲಪಾ, ಇರೂದ ಹಂಗ. ಹನ್ನೆರಡು ಥರ ಹಾಕ್ಕೋಬಹುದಂತ.”

“ಹನ್ನೆರಡು ತಲಿ ಯಾರಿಗ್ ಅದಾವು?”

ಅವನ ಹೆಗಲ ಮೇಲೆ ಆಗ ವಸ್ತ್ರ ಇತ್ತು. ನಮ್ಮ ಕಡೆ ಟಾವೆಲ್ಲಿಗೆ ವಸ್ತ್ರ ಅಂತಲೇ ಅನ್ನುವುದು. ಗರಗ ಖಾದಿಯ ಊರು, ರಾಷ್ಟ್ರಧ್ವಜದ ಬಟ್ಟೆ ನೇಯುವ ಊರು ಅಂತ ಹೆಸರಾದದ್ದು, ಅಪ್ಪನ ವಸ್ತ್ರವೂ ಅಲ್ಲಿಯದೇ ಖಾದಿ. ನಾನು ಪಾಕೀಟಿನ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದೆ, ಅವನು ವಸ್ತ್ರದಲ್ಲಿ ಒಂದೊಂದಾಗಿ ಮಾಡಿ ತೋರಿಸುತ್ತಾ ಹೋದ. ಬೆಳಗಿನ ಚಳಿಗೆ ಕಿವಿ ಮುಚ್ಚಿ ಗಲ್ಲದ ಕೆಳಗೆ ಗಂಟು. ಮಧ್ಯಾಹ್ನ ಬಿಸಿಲಿಗೆ ತಲೆ ಮೇಲೆ ಹಾಸಿ ಒಂದು ಚುಂಗು ಕುತ್ತಿಗೆಗೆ. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಕಣ್ಣಿಗೆ ಬೀಳದಂತೆ ಹಣೆಗೆ ಸುತ್ತಿ ಮೂಗಿಗೆ ಎಳೆದುಕೊಳ್ಳುವುದು. ಹೊರೆ ಹೊರುವಾಗ ಸುರುಳಿ ಸುತ್ತಿ ಸಿಂಬಿ. ರೊಟ್ಟಿ ಬುತ್ತಿ ಕಟ್ಟುವುದು, ಕೈ ಒರೆಸುವುದು, ನೊಣ ಓಡಿಸುವುದು, ಬೇವಿನ ಮರದ ಕೆಳಗೆ ಮಡಚಿ ತಲೆದಿಂಬು. ಹಿರಿಯರ ಮುಂದೆ ನಿಲ್ಲುವಾಗ ತಲೆಯಿಂದ ತೆಗೆದು ಸೊಂಟಕ್ಕೆ ಸುತ್ತಿದರೆ ಮರ್ಯಾದೆ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಒಗೆದರೆ ಸೀಟು ನಮ್ಮದು. ಇದಕ್ಕೆ ಮಾತ್ರ ಕೊಳವೆ ನಡೆಯುವುದಿಲ್ಲ, ಒಗೆದರೆ ಯಾರೋ ಕಾಲುಚೀಲ ಬಿಟ್ಟುಹೋಗಿದ್ದಾರೆ ಅಂತ ಎತ್ತಿ ಆಚೆ ಹಾಕುತ್ತಾರೆ.

ಮಳೆಗಾಲದ ಕೊಪ್ಪಿಯನ್ನೂ ನೆನಪಿಸಿದ. ಗೊಬ್ಬರದ ಖಾಲಿ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿದರೆ ಕೊಪ್ಪಿ. ತಲೆ, ಬೆನ್ನು ಎರಡೂ ಮುಚ್ಚಿ, ಎರಡೂ ಕೈ ಕೆಲಸಕ್ಕೆ ಬಿಡುವು. ಮಳೆ ನಿಂತ ಮೇಲೆ ಮೂಲೆ ಹೊರಗೆಳೆದರೆ ಮತ್ತೆ ಚೀಲ, ಸಂಜೆ ಅದರಲ್ಲೇ ಎಮ್ಮೆಗೆ ಹುಲ್ಲು. ಕತ್ತರಿ, ಸೂಜಿ, ದಾರ ಏನೂ ತಾಗದ ಹೊಲಿಗೆ ಅದು. ಹೊಲಿಗೆಯಿಲ್ಲದ್ದು ಅಂತ ಸ್ಪೇನಿನವರಿಗೆ ಹೊಟ್ಟೆಕಿಚ್ಚು ಪಟ್ಟ ನಾನು ಚಿಕ್ಕವಳಿದ್ದಾಗ ಶಾಲೆಗೆ ಹೋದದ್ದು ಇದನ್ನೇ ಹಾಕಿಕೊಂಡು.

ಹಾಗಂತ ಅಪ್ಪನ ವಸ್ತ್ರಕ್ಕೆ ಜೈ ಅಂದು ಸುಮ್ಮನಾಗುವವಳಲ್ಲ ನಾನು. ನೇಯ್ದ ಬಟ್ಟೆ ಉದ್ದಕ್ಕೂ ಹಿಗ್ಗುವುದಿಲ್ಲ, ಅಡ್ಡಕ್ಕೂ ಹಿಗ್ಗುವುದಿಲ್ಲ, ಓರೆಗೆ ಎಳೆದರೆ ಮಾತ್ರ ಸ್ವಲ್ಪ ಬಿಡುತ್ತದೆ. ನಾವು ಬ್ಲೌಸಿನ ಕೊರಳಿಗೆ ಕ್ರಾಸ್ ಪಟ್ಟಿ ಕತ್ತರಿಸುವುದು ಅದಕ್ಕೇ. ಹಾಗಾಗಿ ವಸ್ತ್ರ ತಲೆ ಮೇಲೆ ನಿಲ್ಲಬೇಕಾದರೆ ಗಂಟು ಬೇಕು, ಗಂಟಿಗೆ ಎರಡು ಕೈ ಬೇಕು, ಎರಡು ಕೈ ಬಿಡುವುದು ಹೊಲದಲ್ಲಿ ನಡೆಯುತ್ತದೆ, ಹ್ಯಾಂಡಲ್ ಹಿಡಿದಾಗ ನಡೆಯುವುದಿಲ್ಲ. 40 ಕಿಲೊಮೀಟರ್ ವೇಗದ ಗಾಳಿಗೆ ಗಂಟು ತಾನೇ ಸಡಿಲುತ್ತದೆ. ಕೊಳವೆಯನ್ನು ಸಿಗ್ನಲ್ಲಿನಲ್ಲಿ ಎಡಗೈ ಒಂದರಿಂದಲೇ ಕೊರಳಿಂದ ಮೂಗಿಗೆ, ಮೂಗಿಂದ ಹಣೆಗೆ ಎಳೆದುಕೊಳ್ಳಬಹುದು, ಕನ್ನಡಿಯೂ ಬೇಕಿಲ್ಲ. ನಾನು ಲೆಕ್ಕ ಹಾಕುವುದು ಹೀಗೆ: ಒಂದು ರೂಪದಿಂದ ಇನ್ನೊಂದಕ್ಕೆ ಒಂದೇ ಕೈಯಲ್ಲಿ, ನೋಡದೆ ಹೋಗಲು ಬಂದರೆ ಅದು ಒಂದು ಥರ. ಬಿಚ್ಚಿ, ತಿರುವಿ, ಕನ್ನಡಿ ಮುಂದೆ ನಿಂತು ಮಾಡುವುದಾದರೆ ಅದು ಸರ್ಕಸ್ಸು. ಈ ಲೆಕ್ಕದಲ್ಲಿ ಹನ್ನೆರಡರಲ್ಲಿ ಉಳಿಯುವುದು ಮೂರು, ಕೊರಳು, ಮೂಗು, ಹಣೆ. ಅಷ್ಟಕ್ಕೇ 349 ಕೊಡಬಹುದೇ ಅಂದರೆ, ಕೊಡಬಹುದು. 200ಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು.

ಅಪ್ಪನ ಇನ್ನೊಂದು ತಲೆಯುಡುಪು ಗಾಂಧಿ ಟೊಪಗಿ. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಆದಾಗಿನಿಂದ ಅವನನ್ನು ಸ್ಕೂಟಿ ಹತ್ತಿಸುವುದು ಒಂದು ಕದನ. ಟೊಪಗಿಯನ್ನು ತಟ್ಟೆಯ ಹಾಗೆ ಮಡಚಿ ಅಂಗಿ ಜೇಬಿಗೆ ಇಡುತ್ತಾನೆ, ಹೆಲ್ಮೆಟ್ ಹಾಕುತ್ತಾನೆ, ಇಳಿದ ಕೂಡಲೇ ಒಂದು ಕ್ಷಣವೂ ಬರಿತಲೆಯಲ್ಲಿ ಇರದೆ ಟೊಪಗಿ ಏರಿಸುತ್ತಾನೆ. ಬಿಚ್ಚಿದರೆ ತಲೆಗೆ, ಮಡಚಿದರೆ ಜೇಬಿಗೆ. ಎರಡೇ ಥರ, ಎರಡೂ ಪಕ್ಕಾ.

ಜೂನ್ ತಿಂಗಳಲ್ಲಿ ಸಂತೆಯಲ್ಲಿ ಇದೇ ಥರದ್ದು 60 ರೂಪಾಯಿಗೆ ಸಿಕ್ಕಿತು. ತಂದು ನೋಡಿದರೆ ಪಕ್ಕಕ್ಕೆ ಓವರ್‌ಲಾಕ್ ಹೊಲಿಗೆ. ಹೆಲ್ಮೆಟ್ ಒಳಗೆ ಅದು ಎಲ್ಲಿ ತಿರುಗಿಸಿ ಇಟ್ಟರೂ ಒತ್ತುತ್ತದೆ, ಕಿವಿಯ ಹಿಂದೆ ಬಂದರೆ ಸಂಜೆಗೆ ಕೆಂಪು ಗೆರೆ. ಅಂಗಡಿಯಲ್ಲಿ ಮಷಿನ್ ಒರೆಸಲು ಇಟ್ಟುಕೊಂಡೆ. 349ರದ್ದೂ ಎರಡು ತಿಂಗಳಲ್ಲಿ ಹೊಸದಾಗಿ ಉಳಿದಿಲ್ಲ. ಅಂಚು ಮಡಿಚಿ ಹೊಲಿಯದೆ ಕತ್ತರಿಸಿ ಬಿಟ್ಟಿದ್ದಾರೆ. ಹೆಣೆದ ಬಟ್ಟೆ ನೇಯ್ದ ಬಟ್ಟೆಯ ಹಾಗೆ ಎಳೆ ಬಿಡುವುದಿಲ್ಲ, ಸರಿ, ಆದರೆ ಸುರುಳಿ ಸುತ್ತುತ್ತದೆ. ಹತ್ತು ಒಗೆತಕ್ಕೆ ಎರಡೂ ಬಾಯಿ ಬೀಡಿಯ ಹಾಗೆ ಸುತ್ತಿಕೊಂಡವು, ಈಗ ಹಣೆಯ ಮೇಲೆ ಆ ಸುರುಳಿಯ ಗುರುತು ಬೀಳುತ್ತದೆ.

ಇಷ್ಟೆಲ್ಲ ತಕರಾರು ಮಾಡಿದ ಮೇಲೆ ನಾನೇ ಒಂದು ಮಾಡದಿದ್ದರೆ ಹೇಗೆ. ಟೀ ಶರ್ಟಿಗೆ ತಂದ ಹತ್ತಿ-ಲೈಕ್ರಾ ಬಟ್ಟೆ ಉಳಿದಿತ್ತು, ಎಳೆಗೇ ಬಣ್ಣ ಹಾಕಿದ್ದು, ಎರಡೂ ಮೈ ಒಂದೇ ಕೆಂಗಂದು. ಸುತ್ತಳತೆ 20 ಬರುವಂತೆ ಕತ್ತರಿಸಿ ಮಾಮೂಲಿ ಮಷಿನ್ ಮೇಲೆ ಹೊಲಿದೆ. ತಲೆಗೆ ಏರಿಸುವಾಗಲೇ ಟಪ್ ಅಂತು. ಬಟ್ಟೆ ಹಿಗ್ಗಿತು, ದಾರ ಹಿಗ್ಗಲಿಲ್ಲ. 19 ವರ್ಷದ ಟೇಲರು, ಮೊದಲ ವಾರದ ಶಿಷ್ಯೆಯ ತಪ್ಪು ಮಾಡಿದೆ. ಎರಡನೆಯದಕ್ಕೆ ತುದಿ ದುಂಡಗಿರುವ ಹೊಸೈರಿ ಸೂಜಿ ಹಾಕಿ ಓವರ್‌ಲಾಕ್ ಮಾಡಿದೆ. ಆ ಹೊಲಿಗೆ ಒತ್ತಬಾರದೆಂದು ಅದನ್ನು ಬೆನ್ನ ಕಡೆಗೆ ತಂದು, ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ ಕುತ್ತಿಗೆಯ ಕುಳಿಯಲ್ಲಿ ಮೂರು ಇಂಚು ಹೊಲಿಯದೆ ಬಿಟ್ಟೆ. ಜಡೆಗೆ ಬಾಗಿಲು. ಮೊದಮೊದಲು ಅದು ಮೀನಿನ ಬಾಯಿಯ ಹಾಗೆ ತೆರೆದುಕೊಂಡೇ ಇರುತ್ತಿತ್ತು. ಎರಡೂ ಅಂಚಿಗೆ ಅದೇ ಬಟ್ಟೆಯ ಪಟ್ಟಿ ಕೊಟ್ಟು, ಒಳಗೆ ಕಾಲು ಇಂಚಿನ ಎಲಾಸ್ಟಿಕ್ ಎಳೆದ ಮೇಲೆ ಸುಮ್ಮನಾಯಿತು.

ವಿಶ್ವವಿದ್ಯಾಲಯದ ಹುಡುಗಿ ಹಾಕಿಕೊಂಡು ಜಡೆ ಹೊರಗೆ ಎಳೆದು, ತಲೆ ಆ ಕಡೆ ಈ ಕಡೆ ಅಲುಗಾಡಿಸಿ, “ಈಗ ಖರೆ ಆತ್ ನೋಡ್ರಿ” ಅಂದಳು. 120 ರೂಪಾಯಿಗೆ ಅವಳ ಹಾಸ್ಟೆಲ್ಲಿಗೇ ಹನ್ನೊಂದು ಹೋದವು. ನನ್ನದರಲ್ಲೂ ಕೊರತೆ ಇದೆ, ಮುಚ್ಚಿಡುವುದಿಲ್ಲ. ಹತ್ತಿ ಇರುವುದರಿಂದ ವಾಸನೆ ಕಡಿಮೆ, ಆದರೆ ಈಗ ಜಿಟಿಜಿಟಿ ಮಳೆ ಹಿಡಿದ ಮೇಲೆ ಒಗೆದದ್ದು ಎರಡು ದಿನವಾದರೂ ಒಣಗುವುದಿಲ್ಲ. ಒಂದು ತಿಂಗಳು ಹಾಕಿದವಳು ಕೊರಳಿನ ಬಿಗಿ ಸಡಿಲಾಯಿತು ಅಂತ ತಂದಳು, ಬಿಸಿ ನೀರಲ್ಲಿ ನೆನೆಸಿಟ್ಟಿದ್ದಳಂತೆ. ಲೈಕ್ರಾ ಇರುವುದನ್ನು ಬಿಸಿ ನೀರಿಗೆ ಹಾಕಬಾರದು ಅಂತ ನಾನು ಹೇಳಬೇಕಿತ್ತು, ಹೇಳಿರಲಿಲ್ಲ. ದುಡ್ಡಿಲ್ಲದೆ ಬೇರೆ ಹೊಲಿದುಕೊಟ್ಟೆ. ನನ್ನ ಪಾಕೀಟಿನ ಮೇಲೆ ಚಿತ್ರ ಇಲ್ಲ. ಎಷ್ಟು ಥರ ಹಾಕಬಹುದು ಅಂತ ಕೇಳಿದವರಿಗೆ ಮೂರೂವರೆ ಅಂತ ಹೇಳುತ್ತೇನೆ, ಟೋಪಿಯದು ಅರ್ಧ.

349ರ ಮೂಲ ಕೊಳವೆ ಈಗ ನನ್ನ ಹತ್ತಿರ ಇಲ್ಲ. ಹೋದ ವಾರ ಗರಗಕ್ಕೆ ಹೋದಾಗ ತಂತಿಗೆ ಹಾಕಿ ಮರೆತು ಬಂದಿದ್ದೆ. ಈ ವಾರ ಹೋದರೆ ಅಪ್ಪ ಕಟ್ಟೆ ಮೇಲೆ ಕೂತಿದ್ದ, ಧೋತರ ಮೇಲೆ ಸರಿದಿತ್ತು, ಬಲ ಮೊಣಕಾಲಿಗೆ ನನ್ನ ನೀಲಿ ಹೂಬಳ್ಳಿ. ಥಂಡಿಗೆ ಕಾಲು ಹಿಡಿಯುತ್ತಿತ್ತಂತೆ, ಎರಡು ಮಡಿಕೆ ಮಾಡಿ ಏರಿಸಿದ್ದಾನೆ.

“ಬೆಚ್ಚಗೇನೋ ಐತಿ ಯವ್ವಾ, ಆದ್ರ ನಡದ್ರ ಜಾರತೈತಿ. ಬಾಜೂಕ ಒಂದ್ ಹೊಲಿಗಿ ಹಾಕಿಕೊಡು.”

“ಹೊಲಿಗಿ ಇಲ್ಲಂತನ ಅದಕ್ಕ ಅಷ್ಟು ರೊಕ್ಕ ಕೊಟ್ಟೇನಪಾ.”

“ಅದಕ್ಕ ಜಾರತೈತಿ.”

ನಿನ್ನೆ ಅದಕ್ಕೆ ಎರಡು ಇಂಚು ಒಳಗೆ ಹಿಡಿದು ಹೊಲಿಗೆ ಹಾಕಿದೆ. ಎಡಗಾಲಿಗೂ ಒಂದು ಬೇಕಂತೆ, ಸಂತೆಯ 60 ರೂಪಾಯಿಯದು ನಡೆಯುತ್ತದಂತೆ, ಆದರೆ ಹೂ ಇರಬೇಕಂತೆ.